ಅಳತೆಗೋಲಿಲ್ಲದ ಒಂದು ನಿಯಮ

ಬಾಗಲೂರಿನಲ್ಲಿ ಅಲೋಪತಿ ವೈದ್ಯರ ಕ್ಲಿನಿಕ್ಕಿಗೆ ಹೋದಾಗ ಗೋಡೆಯತ್ತ ಒಮ್ಮೆ ನೋಡಿ. ವೈದ್ಯರ ನೋಂದಣಿ ಸಂಖ್ಯೆ ಅಲ್ಲಿರಬೇಕು. ನಿಮಗೆ ಬರೆದುಕೊಡುವ ಔಷಧಿ ಚೀಟಿಯಲ್ಲೂ ಇರಬೇಕು. ರಾಜ್ಯದಲ್ಲಿ ಈ ನೋಂದಣಿ ಮಾಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಹೆಸರನ್ನು ತೆಗೆದುಹಾಕುವ ಅಧಿಕಾರವೂ ಅದಕ್ಕಿದೆ. ಆದರೆ ಯಾವ ಕಾರಣಕ್ಕೆ ತೆಗೆಯಬಹುದು?

ಇದಕ್ಕೆ ಆಧಾರ 2002ರ ವೃತ್ತಿನಡತೆ ನಿಯಮಾವಳಿ. 2023ರ ಆಗಸ್ಟ್‌ನಲ್ಲಿ ಪ್ರಕಟವಾದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದು, ಹಳೆಯದನ್ನೇ ಮತ್ತೆ ಜಾರಿಗೆ ತರಲಾಯಿತು. ಜಾಹೀರಾತು, ಕಮಿಷನ್, ಸುಳ್ಳು ಪ್ರಮಾಣಪತ್ರ, ಭ್ರೂಣಲಿಂಗ ಪತ್ತೆ ಮುಂತಾದ ದುರ್ನಡತೆಗಳನ್ನು ಅದು ವಿವರವಾಗಿ ಪಟ್ಟಿ ಮಾಡುತ್ತದೆ. ವೃತ್ತಿ ಅಸಾಮರ್ಥ್ಯಕ್ಕೆ ದೊರೆತಿರುವುದು ಮಾತ್ರ ಒಂದು ಸಣ್ಣ ವಾಕ್ಯ: ಅದನ್ನು ಭಾರತೀಯ ವೈದ್ಯಕೀಯ ಪರಿಷತ್ತಿನ ಮಾರ್ಗಸೂಚಿಯಂತೆ ಸಹವೃತ್ತಿಯವರು ನಿರ್ಣಯಿಸಬೇಕು. ಆ ಪರಿಷತ್ತೇ 2020ರಲ್ಲಿ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ. ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಎಂಬುದು ಆ ವಾಕ್ಯದಲ್ಲಿಲ್ಲ.

ಇದು ದೊಡ್ಡ ಕೊರತೆ. ಸುಳ್ಳು ಪ್ರಮಾಣಪತ್ರವನ್ನು ಒಂದು ಕಾಗದದಿಂದ ಸಾಬೀತುಪಡಿಸಬಹುದು. ಅಸಾಮರ್ಥ್ಯವನ್ನು ಒಂದು ಸಾವಿನಿಂದ ಸಾಬೀತುಪಡಿಸಲಾಗದು. ಒಂದೇ ಕಿರುಪರೀಕ್ಷೆಯ ಅಂಕದಿಂದ ವಿದ್ಯಾರ್ಥಿಯನ್ನು ಅಳೆಯಲಾಗದೆಂದು ಅಧ್ಯಾಪಕರಾದ ನಿಮಗೆ ಗೊತ್ತು. ಹಲವು ರೋಗಿಗಳ ಫಲಿತಾಂಶ ಬೇಕು. ಅವರ ಕಾಯಿಲೆಯ ತೀವ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಕಠಿಣ ಶಸ್ತ್ರಚಿಕಿತ್ಸೆಗೆ ಒಪ್ಪುವ ನಿಪುಣರೇ ಅಸಮರ್ಥರಂತೆ ಕಾಣುತ್ತಾರೆ.

ಇಂಗ್ಲೆಂಡಿನ ಬ್ರಿಸ್ಟಲ್ ಆಸ್ಪತ್ರೆಯ ಉದಾಹರಣೆ ನೋಡಿ. 1991ರಿಂದ 1995ರವರೆಗೆ ಅಲ್ಲಿ ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ, ಒಂದು ವರ್ಷದೊಳಗಿನ ಶಿಶುಗಳಲ್ಲಿ ನಿರೀಕ್ಷೆಗಿಂತ 30ರಿಂದ 35 ಹೆಚ್ಚು ಸಾವುಗಳಾದವೆಂದು 2001ರ ವಿಚಾರಣಾ ವರದಿ ಅಂದಾಜಿಸಿತು. ಇತರ ಆಸ್ಪತ್ರೆಗಳ ಅಂಕಿಅಂಶಗಳೊಡನೆ ಹೋಲಿಸಿದ್ದರಿಂದಲೇ ಇದು ತಿಳಿದದ್ದು. ದುರ್ನಡತೆಯಿಲ್ಲದಿದ್ದರೂ ಕೆಲಸ ತೀರ ಕಳಪೆಯಾಗಿದ್ದರೆ ಪರೀಕ್ಷಿಸಿ, ಷರತ್ತು ವಿಧಿಸುವ ಅಥವಾ ಅಮಾನತು ಮಾಡುವ ಅಧಿಕಾರವನ್ನು ಬ್ರಿಟನ್ 1995ರ ಕಾಯ್ದೆಯಲ್ಲಿ ತನ್ನ ವೈದ್ಯಕೀಯ ಪರಿಷತ್ತಿಗೆ ಕೊಟ್ಟಿತ್ತು.

ನಮ್ಮ ನಿಯಮಾವಳಿ ಐದು ವರ್ಷಕ್ಕೆ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಹೇಳುತ್ತದೆ. ಅದು ಅಳೆಯುವುದು ಹಾಜರಿಯನ್ನು, ಕೌಶಲವನ್ನಲ್ಲ. ದಾಖಲೆಗಳ ತಪಾಸಣೆ, ಕೌಶಲ ಪರೀಕ್ಷೆ, ಮರುತರಬೇತಿ, ಕೊನೆಗೆ ಹೆಸರು ತೆಗೆಯುವುದು: ಈ ಕ್ರಮವನ್ನು ದೂರು ಬರುವ ಮೊದಲೇ ಬರೆದಿಡಬೇಕು. ಅದರಿಂದ ರೋಗಿಗೆ ರಕ್ಷಣೆ ಸಿಗುತ್ತದೆ. ಒಂದು ಸಾವಿನ ಸಿಟ್ಟಿಗೆ ಬಲಿಯಾಗಬಹುದಾದ ಒಳ್ಳೆಯ ವೈದ್ಯರಿಗೂ ಸಿಗುತ್ತದೆ.