ಅಮರರ ಲೋಕದಲ್ಲಿ ಅಚ್ಚಿನ ಯಂತ್ರ

ಅಮರತ್ವದ ಕಥೆಗಳು ನಮಗೆ ಹೊಸವಲ್ಲ. ಉರ್ದು ಪಾಠದಲ್ಲಿ ಆಬೆಹಯಾತ್ ಕುಡಿದ ಹಜ್ರತ್ ಖಿಜರ್ ಸಿಕ್ಕಿದರು. ಕನ್ನಡ ಪಾಠದಲ್ಲಿ ಸಾಯಲಾಗದೆ ಅಲೆಯುವ ಅಶ್ವತ್ಥಾಮ. ಒಂದು ವರ, ಇನ್ನೊಂದು ಶಾಪ. ಅಮೆರಿಕದ ರೋಜರ್ ಝೆಲಾಜ್ನಿಯ ‘ಲಾರ್ಡ್ ಆಫ್ ಲೈಟ್’ (1967) ಮೂರನೆಯದೊಂದನ್ನು ಹೇಳುತ್ತದೆ: ಅಮರತ್ವವೆಂದರೆ ಅಧಿಕಾರ.

ದೂರದ ಗ್ರಹವೊಂದಕ್ಕೆ ಭೂಮಿಯಿಂದ ಬಂದಿಳಿದ ಮೊದಲಿಗರು ಯಂತ್ರದ ನೆರವಿನಿಂದ ಹಳೆಯ ದೇಹ ಬಿಟ್ಟು ಹೊಸ ದೇಹ ಸೇರುವುದನ್ನು ಕಲಿಯುತ್ತಾರೆ. ಬ್ರಹ್ಮ, ಯಮ, ಕಾಳಿ ಎಂದು ಹೆಸರಿಟ್ಟುಕೊಂಡು ತಮ್ಮದೇ ಸಂತತಿಯನ್ನು ಆಳುತ್ತಾರೆ. ಸಾಮಾನ್ಯನಿಗೆ ಹೊಸ ದೇಹ ಬೇಕಾದರೆ ಕರ್ಮದ ಒಡೆಯರು ಅವನ ಮನಸ್ಸನ್ನು ಯಂತ್ರದಲ್ಲಿ ತಪಾಸಣೆ ಮಾಡಬೇಕು. ಎದುರಾಡಿದವನಿಗೆ ರೋಗದ ದೇಹ, ಇಲ್ಲವೇ ಪ್ರಾಣಿಯ ದೇಹ. ಅಲ್ಲಿ ಅಚ್ಚಿನ ಯಂತ್ರ ಮತ್ತೆ ಮತ್ತೆ ಹುಟ್ಟುತ್ತದೆ, ಮತ್ತೆ ಮತ್ತೆ ನಾಶವಾಗುತ್ತದೆ. ಇದನ್ನು ಎದುರಿಸಲು ಮೊದಲಿಗರಲ್ಲೇ ಒಬ್ಬನಾದ ಸ್ಯಾಮ್ ಬುದ್ಧನ ಬೋಧನೆಯನ್ನು ಆಯುಧ ಮಾಡಿಕೊಳ್ಳುತ್ತಾನೆ.

ಅಕ್ಷರ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂದು ತೀರ್ಪು ಕೊಟ್ಟವರನ್ನು ಕಂಡ ನೆಲ ನಮ್ಮದು. ಆದ್ದರಿಂದ ಈ ಕಲ್ಪನೆ ನಮ್ಮನ್ನು ಬೆಚ್ಚಿಸುತ್ತದೆ. ಇದು ಒಂದು ಧರ್ಮದ ಮೇಲಿನ ದೂರಲ್ಲ. ಕಾದಂಬರಿಯಲ್ಲಿ ಸತ್ತವರ ಸೇನೆ ಕಟ್ಟುವವನು ಹಿಂದೆ ಕ್ರೈಸ್ತ ಪಾದ್ರಿಯಾಗಿದ್ದವನು. ಅರಿವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ.

ಆದರೆ ನಮಗೆ ಅಸಮಾಧಾನವೂ ಇದೆ. ಕೊನೆಗೆ ನಡೆಯಬೇಕಾದದ್ದು ಮೊದಲ ಅಧ್ಯಾಯದಲ್ಲೇ ಬರುವುದರಿಂದ ಓದುಗ ಬಹಳ ಹೊತ್ತು ತಡಕಾಡಬೇಕು. ಕಾಸು ಹಾಕಿದರೆ ಪ್ರಾರ್ಥಿಸುವ ಯಂತ್ರ ನಗಿಸುತ್ತದೆ. ದೇವರುಗಳ ಕಾಳಗ ದಣಿಸುತ್ತದೆ. ಯಾರಿಗಾಗಿ ಈ ಬಂಡಾಯವೋ ಆ ಜನ ಮಾತ್ರ ಅಪರೂಪಕ್ಕೆ ಕಾಣುತ್ತಾರೆ. 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರರೊಂದಿಗೆ ಲಕ್ಷಾಂತರ ಮಂದಿ ಬೌದ್ಧಧರ್ಮ ಸ್ವೀಕರಿಸಿದರು. ತುಳಿತಕ್ಕೊಳಗಾದವರೇ ಅಲ್ಲಿ ಬುದ್ಧನನ್ನು ಆರಿಸಿಕೊಂಡರು. ಇಲ್ಲಿ ಮೇಲಿನವನೊಬ್ಬ, ತಾನೇ ನಂಬದ ಬುದ್ಧನನ್ನು ಕೆಳಗಿನವರಿಗೆ ಹಂಚುತ್ತಾನೆ. ಬಿಡುಗಡೆಯೂ ಮೇಲಿನಿಂದಲೇ ಇಳಿದು ಬರಬೇಕೆ?

ಈ ಪ್ರಶ್ನೆಗೆ ಕಾದಂಬರಿ ತನಗರಿವಿಲ್ಲದೆಯೋ ಏನೋ ಒಂದು ಉತ್ತರ ಕೊಟ್ಟಿದೆ. ಸ್ಯಾಮನನ್ನು ಕೊಲ್ಲಲು ಕಾಳಿ ಕಳಿಸಿದ ರಿಲ್ಡ್ ಜ್ವರ ಬಂದು ಬೀಳುತ್ತಾನೆ. ಕೊಲ್ಲಬೇಕಾದವರ ಆರೈಕೆಯಲ್ಲಿ ಬದುಕಿ, ಸ್ಯಾಮನ ಮಾತು ಕೇಳುತ್ತ ಕೇಳುತ್ತ ನಿಜವಾಗಿಯೂ ಬುದ್ಧನಾಗುತ್ತಾನೆ. ಗುರು ಹೇಳಿದ್ದು ತಂತ್ರಕ್ಕೆ. ಶಿಷ್ಯನಿಗೆ ಅದೇ ಸತ್ಯವಾಯಿತು. ಬಳಿಕ ಯಮನ ದಾರಿಗೆ ಅಡ್ಡ ನಿಂತು ಅವನು ಸಾಯುತ್ತಾನೆ.

ಪುಸ್ತಕ ಮುಚ್ಚಿದ ಮೇಲೆ ಅಮರರೆಲ್ಲ ಮರೆಯಾದರು. ನಮ್ಮಲ್ಲಿ ಉಳಿದವನು ಸತ್ತ ಇವನೊಬ್ಬನೇ.