ಜಗಲಿಗೂ ನಡುಮನೆಗೂ ನಡುವೆ

ಕಂಪ್ಯೂಟರ್ ಶುರುವಾಗ್ತಿಲ್ಲ ಎಂದು ಊರಿನಿಂದ ಫೋನ್ ಬಂದರೆ ನಾನು ಮೊದಲು ವಿಚಾರಿಸುವುದು ಸದ್ದನ್ನು. ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತೇ? ತಿರುಗಿ ನಿಂತಿತೇ? ನಿಂತು ಮತ್ತೆ ತಾನಾಗಿ ತಿರುಗಿತೇ? ಬೀಪ್ ಎಂದಿತೇ, ಎಂದಿದ್ದರೆ ಎಷ್ಟು ಸಲ, ಉದ್ದವೋ ಗಿಡ್ಡವೋ? ಒಳಗೆಲ್ಲಾದರೂ ಟಿಕ್ ಟಿಕ್ ಎಂದು ಬಡಿದ ಹಾಗೆ ಕೇಳುತ್ತದೆಯೇ? ಪರದೆಯ ಮೇಲೆ ಏನಿದೆ ಎಂಬುದು ಆಮೇಲಿನ ಮಾತು. ಪರದೆಗೆ ಬೆಳಕು ಬರುವ ಹೊತ್ತಿಗೆ ಯಂತ್ರ ತನ್ನ ತೊಂದರೆಯ ಅರ್ಧವನ್ನು ಹೇಳಿ ಮುಗಿಸಿರುತ್ತದೆ. ಅದನ್ನು ಕೇಳಿಸಿಕೊಳ್ಳದವರು ಚೆನ್ನಾಗಿಯೇ ಇರುವ ವಿಂಡೋಸನ್ನು ಅಳಿಸಿ ಮತ್ತೆ ಹಾಕುತ್ತಾ ಕೂರುತ್ತಾರೆ.

ದೂರದಲ್ಲಿ ಕುಳಿತು, ಕಣ್ಣಿಗೆ ಕಾಣದ ಯಂತ್ರದ ದೋಷವನ್ನು ಇನ್ನೊಬ್ಬರ ಮಾತಿನಲ್ಲೇ ಹುಡುಕಿ ಹಿಡಿಯುವುದು ನನಗೆ ಬಹಳ ಇಷ್ಟದ ಕೆಲಸ. ಈ ವಾರ ಅದರ ಬಗ್ಗೆ ಬರೆಯಲು ಕಾರಣ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿರುವ ನನ್ನ ಚಿಕ್ಕಮ್ಮ. ಅವರ ನಡುಮನೆಯ ಮೂಲೆಯಲ್ಲೊಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಸಂಘದ ಉಳಿತಾಯ ಸಾಲದ ಲೆಕ್ಕ, ಮಗಳ ಮದುವೆಯ ಫೋಟೊಗಳು, ನುಡಿ ತಂತ್ರಾಂಶದಲ್ಲಿ ಅವರೇ ಬೆರಳಚ್ಚು ಮಾಡಿದ ಹಾಡುಗಳ ಸಂಗ್ರಹ ಎಲ್ಲ ಇವೆ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದು ಜಗಲಿಯಲ್ಲಿ ಮಾತ್ರ. ಹಾಗಾಗಿ ನಾನು ಹೇಳಿದ್ದನ್ನು ಅವರು ಜಗಲಿಯಲ್ಲಿ ನಿಂತು ಕೇಳಿಸಿಕೊಂಡು, ಒಳಗೆ ಹೋಗಿ ಮಾಡಿ, ಮತ್ತೆ ಹೊರಗೆ ಬಂದು ಏನಾಯಿತೆಂದು ಹೇಳಬೇಕು.

"ಎರಡು ದಿನ ಕರೆಂಟ್ ಇರ್ಲಿಲ್ಲ ಕಣೋ. ಮರ ಬಿದ್ದು ಲೈನ್ ಹರಿದಿತ್ತು. ನಿನ್ನೆ ಸಂಜೆ ಬಂತು, ಆವಾಗಿಂದ ಹಿಂಗೆ. ನೀಲಿ ಬಣ್ಣ ಬರ್ತದೆ, ಏನೋ ಇಂಗ್ಲಿಷಲ್ಲಿ ಬರೀತದೆ, ಆರಿಹೋಗ್ತದೆ."

ಇದಕ್ಕಿಂತ ಒಳ್ಳೆಯ ವರದಿ ಬೇಕಿಲ್ಲ. ತೊಂದರೆ ಯಾವಾಗಿನಿಂದ, ಅದಕ್ಕೆ ಮುಂಚೆ ಏನಾಗಿತ್ತು, ಈಗ ಏನಾಗುತ್ತಿದೆ ಎಂಬ ಮೂರೂ ಅದರಲ್ಲಿವೆ. ಆಫೀಸುಗಳಲ್ಲಿ ಕೆಲಸ ಮಾಡುವ ಎಷ್ಟೋ ಜನ "ಸಿಸ್ಟಮ್ ಡೌನ್" ಎಂಬ ಎರಡು ಪದ ಹೇಳಿ ಸುಮ್ಮನಾಗುತ್ತಾರೆ.

ಬಸ್ಸು ಬರಲಿಲ್ಲ ಎಂದಾಗ ಅದು ಯಾವ ನಿಲ್ದಾಣ ದಾಟಿದೆ ಎಂದು ವಿಚಾರಿಸುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಗುಂಡಿ ಒತ್ತಿದ ಮೇಲೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಡಬ್ಬಿ ತನ್ನ ವೋಲ್ಟೇಜುಗಳು ಸ್ಥಿರವಾದವೇ ಎಂದು ನೋಡಿಕೊಂಡು, ಅರ್ಧ ಸೆಕೆಂಡಿನೊಳಗೆ ಮದರ್‌ಬೋರ್ಡಿಗೆ ಒಂದು ಒಪ್ಪಿಗೆಯ ಸಂಕೇತ ಕಳಿಸುತ್ತದೆ. ಅದು ಸಿಕ್ಕ ಮೇಲೆಯೇ ಪ್ರೊಸೆಸರ್ ಏಳುವುದು. ಎದ್ದು ಬಯೋಸ್ ಎಂಬ ಆರಂಭದ ಪ್ರೋಗ್ರಾಮನ್ನು ಓದುತ್ತದೆ, ಮೆಮೊರಿ, ಡಿಸ್‌ಪ್ಲೇ, ಕೀಬೋರ್ಡ್ ಇವೆಯೇ ಎಂದು ಪರೀಕ್ಷಿಸುತ್ತದೆ, ಡಿಸ್ಕ್ ಹುಡುಕುತ್ತದೆ, ಅದರಲ್ಲಿರುವ ಬೂಟ್ ಲೋಡರಿಗೆ ಅಧಿಕಾರ ಒಪ್ಪಿಸುತ್ತದೆ. ವಿಂಡೋಸ್ ಬರುವುದು ಅದಾದ ಮೇಲೆ. ಫ್ಯಾನೇ ತಿರುಗದಿದ್ದರೆ ಪ್ಲಗ್ಗು, ಕೇಬಲ್ಲು, ಎಸ್‌ಎಂಪಿಎಸ್ ನೋಡಬೇಕು. ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ ಮೆಮೊರಿಯ ಕಡೆ ಹೋಗಬೇಕು. ಕಂಪನಿಯ ಲಾಂಛನ ಕಂಡು ಮುಂದೆ ಹೋಗದಿದ್ದರೆ ಡಿಸ್ಕ್. ನೀಲಿ ಪರದೆ ಬಂತೆಂದರೆ ವಿಂಡೋಸಿನ ಬಾಗಿಲವರೆಗೆ ಎಲ್ಲವೂ ಸುಸೂತ್ರವಾಗಿ ನಡೆದಿದೆ ಎಂದರ್ಥ. ಹಾಗಾಗಿ ಚಿಕ್ಕಮ್ಮ ನೀಲಿ ಬಣ್ಣ ಎಂದಾಗ ನನಗೆ ಸಮಾಧಾನವೇ ಆಯಿತು.

ಬೀಪಿನ ಭಾಷೆಯ ಬಗ್ಗೆ ಇಲ್ಲೇ ಒಂದು ಮಾತು. ಅದು ಕಂಪನಿಗೊಂದು ಥರ. ಹಳೆಯ ಅವಾರ್ಡ್ ಬಯೋಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ತೊಂದರೆ. ಎಎಂಐ ಬಯೋಸಿನಲ್ಲಿ ಮೂರು ಗಿಡ್ಡ ಬೀಪ್ ಎಂದರೆ ಮೆಮೊರಿ. ನಮ್ಮ ಕಡೆ ಮಳೆಗಾಲದಲ್ಲಿ ಬರುವ ಕರೆಗಳಲ್ಲಿ ಮೆಮೊರಿಯ ಪಾಲು ದೊಡ್ಡದು. ತಿಂಗಳುಗಟ್ಟಲೆ ಗಾಳಿಯಲ್ಲಿ ತೇವ, ಹೆಂಚಿನ ಸಂದಿಯಿಂದ ಉದುರುವ ಧೂಳು, ಒಲೆಯ ಹೊಗೆ ಎಲ್ಲ ಸೇರಿ ರ‍್ಯಾಮ್‌ನ ಬಂಗಾರ ಬಣ್ಣದ ಹಲ್ಲುಗಳ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಪ್ಲಗ್ ಕಿತ್ತು, ಉಳಿದ ಚಾರ್ಜ್ ಹೋಗಲೆಂದು ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿದು, ರ‍್ಯಾಮ್ ಪಟ್ಟಿಯನ್ನು ಈಚೆ ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಎರಡೂ ಕಡೆ ಕಟ್ ಎಂದು ಸದ್ದು ಬರುವಂತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದುಬಿಡುತ್ತವೆ. ಆ "ಕಟ್" ನನಗೆ ಫೋನಿನಲ್ಲಿ ಕೇಳಿಸಲೇಬೇಕು. ಕೇಳಿಸದಿದ್ದರೆ ಇನ್ನೊಮ್ಮೆ ಒತ್ತಲು ಹೇಳುತ್ತೇನೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರಿಂದಲೂ ಬಿಚ್ಚಿಸುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯದ ಮಟ್ಟದ ಚಾರ್ಜ್ ಉಳಿದಿರುತ್ತದೆ.

ನೀಲಿ ಪರದೆಯ ಮೇಲಿನ ಅಕ್ಷರಗಳನ್ನು ಚಿಕ್ಕಮ್ಮ ಫೋಟೊ ತೆಗೆದು ಕಳಿಸಲು ನೋಡಿದರು. ಫೋಟೊ ಹೋಗಲಿಲ್ಲ. ಹಾಗಾಗಿ ಕಾಗದದ ಮೇಲೆ ಬರೆದುಕೊಂಡು ಬಂದು ಒಂದೊಂದೇ ಅಕ್ಷರ ಓದಿದರು: ಐ, ಎನ್, ಎ, ಸಿ, ಸಿ... ಕನ್ನಡ ಶಾಲೆಯಲ್ಲಿ ಓದಿದ ಅವರಿಗೆ ಆ ಸಾಲಿನ ಅರ್ಥ ಗೊತ್ತಿಲ್ಲದಿರಬಹುದು, ಒಂದಕ್ಷರವೂ ತಪ್ಪಿರಲಿಲ್ಲ. ಪರದೆಯಲ್ಲಿದ್ದದ್ದು "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್": ವಿಂಡೋಸಿಗೆ ತಾನು ಕುಳಿತಿರುವ ಡಿಸ್ಕೇ ಸಿಗುತ್ತಿಲ್ಲ. ವಿಂಡೋಸ್ ಕನ್ನಡದಲ್ಲಿ ಸಿಗುತ್ತದೆ, ಫೋನು ಕನ್ನಡದಲ್ಲಿ ಮಾತಾಡುತ್ತದೆ. ಯಂತ್ರ ಕೆಟ್ಟು ನಿಂತಾಗ, ಮನುಷ್ಯನಿಗೆ ನೆರವು ತೀರಾ ಬೇಕಾದ ಹೊತ್ತಿನಲ್ಲಿ, ನೀಲಿ ಪರದೆ ದೋಷದ ಹೆಸರನ್ನು ಇಂಗ್ಲಿಷಿನಲ್ಲಷ್ಟೇ ಹೇಳುತ್ತದೆ. ಇದು ಬದಲಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹತ್ತಿಪ್ಪತ್ತು ಸಾಲಿನ ಅನುವಾದ ಯಾವ ಕಂಪನಿಗೂ ಭಾರವಾಗದು.

ಡಿಸ್ಕ್ ಸಿಗುತ್ತಿಲ್ಲ ಎಂದರೆ ಡಿಸ್ಕ್ ಸತ್ತಿದೆ ಎಂದುಕೊಳ್ಳುವುದು ಸುಲಭ. ಆದರೆ ಸಾಯುತ್ತಿರುವ ಡಿಸ್ಕಿನ ಟಿಕ್ ಟಿಕ್ ಸದ್ದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಹಾಗಾಗಿ ಇನ್ನೊಂದು ಪ್ರಶ್ನೆ ಕೇಳಿದೆ. "ಚಿಕ್ಕಮ್ಮಾ, ಆನ್ ಮಾಡಿದ ತಕ್ಷಣ ಡಿಲೀಟ್ ಅಂತ ಬರೆದಿರೋ ಕೀಯನ್ನ ಬಿಟ್ಟು ಬಿಟ್ಟು ಒತ್ತುತಾ ಇರು. ಒಂದು ಪಟ್ಟಿ ಬರ್ತದೆ. ಅದರಲ್ಲಿ ತಾರೀಖು ಎಷ್ಟಿದೆ ನೋಡ್ಕೊಂಡು ಬಾ." ಹೋದರು, ಬಂದರು. "ತಾರೀಖು ತಪ್ಪು ಕಣೋ. ಜನವರಿ ಒಂದು ಅಂತದೆ. ಇಸವಿನೂ ಹಳೇದು."

ಅಲ್ಲಿಗೆ ಎಲ್ಲ ಬಯಲಾಯಿತು. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಗಡಿಯಾರವನ್ನೂ, ಹಳೆಯ ಬೋರ್ಡುಗಳಲ್ಲಿ ಬಯೋಸಿನ ಆಯ್ಕೆಗಳನ್ನೂ ಕಾಯುವುದು ಅದರ ಕೆಲಸ. ಅದು ಸತ್ತರೂ ವರ್ಷಗಟ್ಟಲೆ ಗೊತ್ತಾಗದಿರಬಹುದು. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಕಾಲ, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್‌ನಿಂದ ಬರುವ ಸಣ್ಣ ವಿದ್ಯುತ್ತೇ ಆ ಕೆಲಸ ನೋಡಿಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಲೈನ್ ಹರಿದು ಎರಡು ದಿನ ಕತ್ತಲಾದಾಗ ಬ್ಯಾಟರಿಯ ಸಾವು ಹೊರಬೀಳುತ್ತದೆ. ಬಯೋಸ್ ಎಲ್ಲ ಮರೆತು ಕಾರ್ಖಾನೆಯ ಆಯ್ಕೆಗಳಿಗೆ ಮರಳುತ್ತದೆ. ಚಿಕ್ಕಮ್ಮನ ಬೋರ್ಡಿನಲ್ಲಿ ಕಾರ್ಖಾನೆಯ ಆಯ್ಕೆ ಐಡಿಇ, ವಿಂಡೋಸ್ ಹಾಕಿದ್ದು ಎಎಚ್‌ಸಿಐ ಎಂಬ ಇನ್ನೊಂದು ಕ್ರಮದಲ್ಲಿ. ಡಿಸ್ಕ್ ಅಲ್ಲೇ ಇತ್ತು, ಅದನ್ನು ಮಾತಾಡಿಸುವ ಕ್ರಮ ಬದಲಾಗಿತ್ತು. ಬಾಣದ ಕೀಗಳಿಂದ ಆ ಸಾಲಿಗೆ ಹೋಗಿ, ಬದಲಿಸಿ, ಎಫ್10 ಒತ್ತಿ ಉಳಿಸಿದರೆ ಮುಗಿಯಿತು. ಸೊರಬಕ್ಕೆ ಹೋಗುತ್ತಿದ್ದ ಪಕ್ಕದ ಮನೆಯ ಹುಡುಗ ಹೊಸ ಬ್ಯಾಟರಿ ತಂದುಕೊಟ್ಟ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ದೂರದ ರಿಪೇರಿ ಎಂದರೆ ಜನರಿಗೆ ನೆನಪಾಗುವುದು ಎನಿಡೆಸ್ಕ್, ಟೀಮ್‌ವ್ಯೂವರ್, ವಿಂಡೋಸಿನದೇ ಆದ ಕ್ವಿಕ್ ಅಸಿಸ್ಟ್. ಒಳ್ಳೆಯ ಸಲಕರಣೆಗಳೇ. ಆದರೆ ಅವು ಬದುಕುವುದು ವಿಂಡೋಸಿನ ಒಳಗೆ. ವಿಂಡೋಸೇ ಏಳದಿದ್ದರೆ ಅವುಗಳಿಗೆ ಅಸ್ತಿತ್ವವಿಲ್ಲ. 2024ರ ಜುಲೈ 19ರಂದು ಜಗತ್ತಿಗೆಲ್ಲ ಇದು ಅರಿವಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಫೈಲ್ ಅಳಿಸುವುದು ಪರಿಹಾರವಾಗಿತ್ತು. ಬಹುಪಾಲು ಯಂತ್ರಗಳ ಮುಂದೆ ಯಾರಾದರೂ ಹೋಗಿ ನಿಂತು ಕೀ ಒತ್ತಬೇಕಾಯಿತು. ದೊಡ್ಡ ದೊಡ್ಡ ಕಂಪನಿಗಳ ತಂತ್ರಜ್ಞರು ಅಂದು ಶಾಖೆಗಳ ಗುಮಾಸ್ತರಿಗೆ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದರು. ನಾನು ಚಿಕ್ಕಮ್ಮನಿಗೆ ಹೇಳಿದ್ದೂ ಹಾಗೆಯೇ.

ಇದೇ ವಿದ್ಯೆಯ ಅತ್ಯಂತ ದೂರದ ಪ್ರಯೋಗ ನಡೆದದ್ದೂ ಅದೇ ವರ್ಷ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ 2023ರ ನವೆಂಬರಿನಿಂದ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತ್ತು. ಆಗ ಅದು 2,400 ಕೋಟಿ ಕಿಲೋಮೀಟರ್ ಆಚೆ ಇತ್ತು. ಕ್ಯಾಲಿಫೋರ್ನಿಯಾದ ಜೆಪಿಎಲ್ ಪ್ರಯೋಗಾಲಯದವರು ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಸುಮಾರು 45 ಗಂಟೆ ಕಾಯಬೇಕು. ಅವರು ಮೆಮೊರಿಯ ನಕಲನ್ನು ತರಿಸಿಕೊಂಡು ಓದಿ, ಒಂದು ಚಿಪ್ ಕೆಟ್ಟಿದೆ ಎಂದು ಪತ್ತೆ ಹಚ್ಚಿ, ಅಲ್ಲಿದ್ದ ಪ್ರೋಗ್ರಾಮನ್ನು ತುಂಡು ಮಾಡಿ ಬೇರೆ ಜಾಗಗಳಿಗೆ ಸಾಗಿಸಿದರು. 2024ರ ಏಪ್ರಿಲ್ 20ರಂದು ನೌಕೆ ಮತ್ತೆ ತನ್ನ ಸ್ಥಿತಿಯನ್ನು ತಿಳಿಯಾಗಿ ಹೇಳಿತು. ನನಗೆ ಇಲ್ಲಿ ಮೆಚ್ಚುಗೆಯಾಗುವುದು ಅವರ ಸಂಯಮ. ಉತ್ತರ ತಡವಾಗಿ ಬರುತ್ತದೆಂದು ಗೊತ್ತಿರುವವನು ಒಮ್ಮೆಗೆ ಒಂದೇ ಪ್ರಶ್ನೆ ಕೇಳುತ್ತಾನೆ, ಅದನ್ನು ಚೆನ್ನಾಗಿ ಯೋಚಿಸಿ ಕೇಳುತ್ತಾನೆ. ಜಗಲಿಗೂ ನಡುಮನೆಗೂ ಓಡಾಡುವ ಐವತ್ತೆಂಟರ ಹೆಂಗಸಿಗೆ ಐದು ಕೆಲಸ ಒಟ್ಟಿಗೆ ಹೇಳಿ ಕಳಿಸುವುದು ಅವರ ಮೊಣಕಾಲಿಗೂ ನ್ಯಾಯವಲ್ಲ, ಯಂತ್ರಕ್ಕೂ ಒಳ್ಳೆಯದಲ್ಲ. ಐದರಲ್ಲಿ ಯಾವುದು ಕೆಲಸ ಮಾಡಿತೆಂದು ಆಮೇಲೆ ತಿಳಿಯುವುದಿಲ್ಲ.

ನೀಲಿ ಪರದೆಯ ನಂತರ ವಿಂಡೋಸ್ ತಾನಾಗಿ ರಿಪೇರಿ ಪುಟ ತೆರೆಯುತ್ತದೆ. ಸಾಮಾನ್ಯವಾಗಿ ಎರಡು ಸಲ ಸೋತರೆ ಮೂರನೆಯ ಸಲ ಅದು ಬರುತ್ತದೆ. ಅಲ್ಲಿ "ರೀಸೆಟ್ ದಿಸ್ ಪಿಸಿ" ಎಂಬ ಗುಂಡಿ ಕಣ್ಣಿಗೆ ಬೇಗ ಬೀಳುತ್ತದೆ. ಮನೆಯವರಿಗೆ ನಾನು ಮೊದಲೇ ಹೇಳಿಟ್ಟಿರುವ ಮಾತು: ನನ್ನನ್ನು ಕೇಳದೆ ಅದನ್ನು ಮುಟ್ಟಬೇಡಿ. "ಎಲ್ಲ ತೆಗೆದುಹಾಕು" ಎಂದು ಕೊಟ್ಟರೆ ಮದುವೆಯ ಫೋಟೊಗಳು ಹೋದವು. "ನನ್ನ ಫೈಲ್ ಇರಲಿ" ಎಂದರೂ ಆಮೇಲೆ ಹಾಕಿಕೊಂಡ ತಂತ್ರಾಂಶಗಳೆಲ್ಲ ಹೋಗುತ್ತವೆ, ಅವುಗಳ ಜೊತೆ ನುಡಿಯೂ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಮಾಡಿದ ಕಡತ ಆ ಫಾಂಟ್ ಇಲ್ಲದ ಯಂತ್ರದಲ್ಲಿ ವಿಚಿತ್ರ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಕಡತ ಹಾಳಾಗಿಲ್ಲ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಆದರೆ ಇದು ಗೊತ್ತಿಲ್ಲದೆ, ಹಾಳಾಯಿತೆಂದು ವರ್ಷಗಳ ಬರಹವನ್ನು ಅಳಿಸಿದವರಿದ್ದಾರೆ. ಆ ಹಾಡುಗಳನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು ನಮ್ಮ ಕೆಲಸ, ವಯಸ್ಸಾದವರ ಕೆಲಸವಲ್ಲ. ಟಿಕ್ ಟಿಕ್ ಎನ್ನುವ ಡಿಸ್ಕ್ ಇದ್ದರಂತೂ ರಿಪೇರಿಯ ಮಾತೇ ಬೇಡ. ಚೆಕ್‌ಡಿಸ್ಕ್ ಓಡಿಸುವುದೂ ಬೇಡ, ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯಲು ಹೊರಡುತ್ತದೆ. ಕೂಡಲೇ ಆಫ್ ಮಾಡಿಸಿ, ಡಿಸ್ಕನ್ನು ಬಲ್ಲವರ ಕೈಗೆ ಮುಟ್ಟಿಸಬೇಕು.

ಹೊಸ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ತೊಡಕಿದೆ. ಬಯೋಸಿನಲ್ಲಿ ಏನಾದರೂ ಬದಲಾದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಕೀಲಿ ಕೇಳುತ್ತದೆ. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು, ಆ ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಕೀಲಿಯನ್ನು ಕಾಗದದಲ್ಲಿ ಬರೆದು ಪಹಣಿ, ರೇಷನ್ ಕಾರ್ಡುಗಳ ಜೊತೆ ಇಡಬೇಕು.

ಎನಿಡೆಸ್ಕಿನ ವಿಷಯದಲ್ಲಿ ಚಿಕ್ಕಮ್ಮನಿಗೆ ಒಂದೇ ನಿಯಮ ಹೇಳಿದ್ದೇನೆ. ನೀನಾಗಿ ನನಗೆ ಫೋನ್ ಮಾಡಿದಾಗ ಮಾತ್ರ ಅದು ತೋರಿಸುವ ಅಂಕಿ ಹೇಳು, ಬೇರೆ ಯಾರೇ ಫೋನ್ ಮಾಡಿ ಬ್ಯಾಂಕಿನವರೆಂದರೂ ಪೊಲೀಸರೆಂದರೂ ಹೇಳಬೇಡ. ಇಂಥ ಆ್ಯಪ್ ಹಾಕಿಸಿ ಹಣ ಲಪಟಾಯಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನೊಂದು ವಿಷಯ ಉಳಿದಿದೆ. ಬ್ಯಾಟರಿ ಹಾಕುವಾಗ ಚಿಕ್ಕಮ್ಮ, "ಡಬ್ಬಿ ಮುಟ್ಟಿದ್ರೆ ಯಾವಾಗ್ಲೂ ಜುಮ್ ಅಂತದೆ" ಎಂದರು. ತಕ್ಷಣ ಪ್ಲಗ್ ಕೀಳಿಸಿದೆ. ಮನೆಗೆ ಅರ್ತಿಂಗ್ ಇಲ್ಲ, ಇಲ್ಲವೇ ಅದು ಸತ್ತಿದೆ. ಎಸ್‌ಎಂಪಿಎಸ್‌ನ ಒಳಗಿರುವ ಫಿಲ್ಟರ್ ಕೆಪಾಸಿಟರುಗಳು ಭೂಮಿಗೆ ದಾರಿ ಸಿಗದಿದ್ದಾಗ 230 ವೋಲ್ಟಿನ ಸುಮಾರು ಅರ್ಧವನ್ನು ಲೋಹದ ಡಬ್ಬಿಯ ಮೇಲೆ ತಂದಿಡುತ್ತವೆ. ಹರಿಯುವ ವಿದ್ಯುತ್ ಬಹಳ ಸಣ್ಣದು, ಹಾಗಾಗಿ ಬರೀ ಜುಮ್ ಎನ್ನುತ್ತದೆ. ಆದರೆ ಒಳಗೆ ಏನಾದರೂ ಕೆಟ್ಟರೆ ಕಾಪಾಡುವ ತಂತಿಯೇ ಅಲ್ಲಿಲ್ಲ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಅರ್ತಿಂಗ್ ಇಲ್ಲದೆ ಅದು ಪೂರ್ತಿ ಕೆಲಸ ಮಾಡದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಆಳವಾದ ಗುಂಡಿ ತೋಡಿಸಿ, ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿಸಬೇಕು, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಭೂಮಿ ಹುಣ್ಣಿಮೆಗೆ ಊರಿಗೆ ಹೋದಾಗ ನಿಂತು ಮಾಡಿಸುತ್ತೇನೆ. ಬಯೋಸಿನ ಪುಟಗಳ ಫೋಟೊ ತೆಗೆದಿಡುವುದು, ಹಾಡುಗಳನ್ನೂ ಲೆಕ್ಕವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡುವುದು ಅದೇ ದಿನದ ಕೆಲಸ. ಗುಂಡಿ ತೋಡುವವರಿಗೆ ಈಗಲೇ ಹೇಳಿಡು ಎಂದು ಚಿಕ್ಕಮ್ಮನಿಗೆ ತಿಳಿಸಿದ್ದೇನೆ. ಅಡಿಕೆ ಕೊಯ್ಲು ಶುರುವಾದರೆ ಆಳು ಸಿಗುವುದು ಕಷ್ಟ.