ಡಿ ವಿಟಮಿನ್ ಮತ್ತು ಆಯಾಸ: ತೀರ್ಮಾನ ಎಲ್ಲಿ ಜಾರುತ್ತದೆ?

ಬೆನ್ನುಮೂಳೆಯ ಉರಿಯೂತದ ಸಂಧಿವಾತ (ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್) ಇರುವವರನ್ನು ನೋವಿನಷ್ಟೇ ಆಯಾಸವೂ ಕಾಡುತ್ತದೆ. ರೋಗದ ತೀವ್ರತೆಯನ್ನು ಅಳೆಯಲು 1994ರಿಂದ ಬಳಕೆಯಲ್ಲಿರುವ ‘ಬಾಸ್‌ಡೈ’ ಪ್ರಶ್ನಾವಳಿಯ ಆರು ಪ್ರಶ್ನೆಗಳಲ್ಲಿ ಮೊದಲನೆಯದೇ ಆಯಾಸದ್ದು. ಇಂಥ ರೋಗಿಗಳ ರಕ್ತದಲ್ಲಿ ಡಿ ವಿಟಮಿನ್ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಾದರೆ ಡಿ ವಿಟಮಿನ್ ಮಾತ್ರೆ ನುಂಗಿದರೆ ಆಯಾಸ ಹೋಗುವುದೆ?

ಹೌದು ಎನ್ನುವವರಿಗೆ ಬೆಂಬಲವಾಗಿ ತೋರುವ ಒಂದು ಪ್ರಯೋಗ 2016ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಪ್ರಕಟವಾಯಿತು. ಆಯಾಸವೂ ಡಿ ವಿಟಮಿನ್ ಕೊರತೆಯೂ ಇದ್ದ 120 ಜನರಲ್ಲಿ ಕೆಲವರಿಗೆ ಒಮ್ಮೆಗೇ 1 ಲಕ್ಷ ಅಂತರರಾಷ್ಟ್ರೀಯ ಏಕಮಾನ (2.5 ಮಿಲಿಗ್ರಾಂ) ಡಿ ವಿಟಮಿನ್, ಉಳಿದವರಿಗೆ ಹುಸಿಮಾತ್ರೆ ಕೊಡಲಾಯಿತು. ನಾಲ್ಕು ವಾರಗಳ ನಂತರ ಮೊದಲ ಗುಂಪಿನ ಶೇ. 72 ಮಂದಿ ಆಯಾಸ ಕಡಿಮೆಯಾಯಿತೆಂದರು. ಹುಸಿಮಾತ್ರೆ ನುಂಗಿದವರಲ್ಲೂ ಶೇ. 50 ಮಂದಿ ಹಾಗೆಯೇ ಹೇಳಿದರು! ಎಂದರೆ ವಿಟಮಿನ್ನಿನ ಪಾಲು ಕೇವಲ ಶೇ. 22. ಪ್ರಯೋಗದ ವಿನ್ಯಾಸ ಒಳ್ಳೆಯದೇ. ಆದರೆ ಅದರಲ್ಲಿದ್ದವರಿಗೆ ಬೇರೆ ಕಾಯಿಲೆ ಇರಲಿಲ್ಲ ಎಂಬುದನ್ನು ಗಮನಿಸಿ. ಆ ಫಲಿತಾಂಶವನ್ನು ಸಂಧಿವಾತದ ರೋಗಿಗಳಿಗೆ ನೇರವಾಗಿ ಅನ್ವಯಿಸಲಾಗದು.

ಕಾರಣ ಮತ್ತು ಪರಿಣಾಮ ಅದಲುಬದಲಾಗಿರುವ ಸಾಧ್ಯತೆಯೂ ಇದೆ. ಉರಿಯೂತ ಏರಿದಾಗ ರಕ್ತದಲ್ಲಿ ಡಿ ವಿಟಮಿನ್ ಮಟ್ಟ ತಾನೇ ಇಳಿಯಬಹುದು. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಈ ಇಳಿತ ಕಂಡುಬಂದಿದೆ. ನೋವಿರುವವರು ಬಿಸಿಲಿಗೆ ಬರುವುದೂ ಕಡಿಮೆ. ಹೀಗೆ ಉರಿಯೂತವೊಂದೇ ಆಯಾಸವನ್ನೂ ಕೊರತೆಯನ್ನೂ ತರಬಲ್ಲದು.

ಇನ್ನು ಬಿಸಿಲಿನ ಲೆಕ್ಕ. ಚರ್ಮದಲ್ಲಿ ಡಿ ವಿಟಮಿನ್ ತಯಾರಾಗಲು ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗದೂರದ ನೇರಳಾತೀತ ಕಿರಣ ಬೇಕು. ಸೂರ್ಯ ಕೆಳಗಿದ್ದಷ್ಟೂ ವಾಯುಮಂಡಲ ಇದನ್ನು ಹೆಚ್ಚು ಹೀರುತ್ತದೆ. ಡಿಸೆಂಬರ್ 22ರ ನಡುಹಗಲು 1 ಮೀಟರ್ ಕೋಲಿನ ನೆರಳು ಜ್ಯೂರಿಕ್‌ನಲ್ಲಿ ಸುಮಾರು 2.9 ಮೀಟರ್, ನಿಪ್ಪಾಣಿ ಬಳಿಯ ಬೇಡಕಿಹಾಳದಲ್ಲಿ ಸುಮಾರು 84 ಸೆಂ.ಮೀ. ಮಾತ್ರ. ಶಾಲೆಯ ಅಂಗಳದಲ್ಲಿ ವಿದ್ಯಾರ್ಥಿಗಳಿಂದಲೇ ಅಳತೆ ಮಾಡಿಸಿ ನೋಡಿ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಮನೆಯೊಳಗೇ ಕುಳಿತು ಬೀಡಿ ಕಟ್ಟುವವರಿಗೆ ಕೊರತೆ ಬರಬಹುದು. ಕೊರತೆಯಿದ್ದರೆ ಮೂಳೆಯ ಸಲುವಾಗಿ ಸರಿಪಡಿಸಲೇಬೇಕು, ಸಂಶಯವಿಲ್ಲ. ಅದೇ ಬೆನ್ನಿನ ರೋಗಕ್ಕೂ ಮದ್ದೆಂದು ತಿಳಿಯುವುದು ಅಪಾಯ.

45 ವರ್ಷದೊಳಗೆ ಶುರುವಾದ ಬೆನ್ನುನೋವು ಮೂರು ತಿಂಗಳು ಮೀರಿದ್ದರೆ, ಬೆಳಗಿನ ಬಿಗಿತ ವಿಶ್ರಾಂತಿಯಿಂದ ತಗ್ಗದೆ ಓಡಾಡಿದಾಗ ತಗ್ಗುತ್ತಿದ್ದರೆ, ಕೂತು ಮಾಡುವ ಕೆಲಸದ ನೋವೆಂದು ಸುಮ್ಮನಿರಬಾರದು. ಸಂಧಿವಾತ ತಜ್ಞರನ್ನು ಕಾಣಬೇಕು. ಮಾತ್ರೆ ನಂಬಿ ಕಳೆದ ವರ್ಷಗಳಲ್ಲಿ ಬೆಸೆದುಕೊಂಡ ಬೆನ್ನುಮೂಳೆ ಮತ್ತೆ ಬಿಡಿಬಿಡಿಯಾಗುವುದಿಲ್ಲ.